ರಕ್ತನಾಳಗಳ ಪಕ್ವತೆ (ಎಳೆಯ ಪ್ರಾಣಿಗಳಲ್ಲಿ)

ಹುಟ್ಟಿನಿಂದ ಪ್ರಾಯಕ್ಕೆ ಬರುವವರೆಗೆ ಪ್ರಾಣಿಯ ರಕ್ತನಾಳಗಳ ರಚನೆ ಮತ್ತು ಕೆಲಸದಲ್ಲಿ ಆಗುವ ಬದಲಾವಣೆ. ನಾಳದ ಗಾತ್ರ ಹಿಗ್ಗುವುದು ಇದರ ಒಂದು ಪಾಲು ಮಾತ್ರ. ಯಾವ ಸಂಕೇತಕ್ಕೆ ನಾಳ ಕುಗ್ಗಬೇಕು, ಯಾವುದಕ್ಕೆ ಸಡಿಲಗೊಳ್ಳಬೇಕು ಎಂಬುದೂ ವಯಸ್ಸಿನೊಂದಿಗೆ ಬದಲಾಗುತ್ತದೆ. ಎಳೆಯ ನಾಳವನ್ನು ಬೆಳೆದ ನಾಳದ ಚಿಕ್ಕ ರೂಪವೆಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ. ಈ ತಿಳಿವಳಿಕೆಯ ಬಹುಪಾಲು ಕುರಿ ಮತ್ತು ಇಲಿಗಳಿಂದ ಬಂದದ್ದು. ಕುರಿಯ ಭ್ರೂಣದಲ್ಲಿ ರಕ್ತಪರಿಚಲನೆಯನ್ನು ಅಳೆದ ಜೋಸೆಫ್ ಬಾರ್‌ಕ್ರಾಫ್ಟ್, ಜೆಫ್ರಿ ಡಾಸ್, ಏಬ್ರಹಾಂ ರುಡಾಲ್ಫ್ ಇದಕ್ಕೆ ತಳಪಾಯ ಹಾಕಿದವರು.

ಅತಿ ದೊಡ್ಡ ಬದಲಾವಣೆ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಆಗುತ್ತದೆ. ಗರ್ಭದಲ್ಲಿರುವಾಗ ಆಮ್ಲಜನಕ ಬರುವುದು ಮಾಸಿನಿಂದ. ಶ್ವಾಸಕೋಶದ ನಾಳಗಳು ಬಿಗಿದುಕೊಂಡಿರುತ್ತವೆ. ಕುರಿಯ ಭ್ರೂಣದಲ್ಲಿ ಹೃದಯ ಹೊರದೂಡುವ ರಕ್ತದ ಸುಮಾರು ಹತ್ತನೆಯ ಒಂದು ಪಾಲಷ್ಟೇ ಅಲ್ಲಿಗೆ ಹೋಗುತ್ತದೆ. ಹೃದಯದ ಬಲಭಾಗದಿಂದ ಹೊರಟ ರಕ್ತದ ಹೆಚ್ಚಿನಂಶ ಡಕ್ಟಸ್ ಆರ್ಟೀರಿಯೋಸಸ್ ಎಂಬ ಅಡ್ಡನಾಳದ ಮೂಲಕ ಮಹಾಪಧಮನಿಯನ್ನು ಸೇರುತ್ತದೆ. ಮೊದಲ ಉಸಿರಿನೊಂದಿಗೆ ಶ್ವಾಸಕೋಶ ಅರಳುತ್ತದೆ, ಆಮ್ಲಜನಕ ಏರುತ್ತದೆ, ನಾಳದ ಒಳಪದರ ನೈಟ್ರಿಕ್ ಆಕ್ಸೈಡನ್ನು ಹೊರಬಿಡುತ್ತದೆ. ಅಲ್ಲಿನ ನಾಳಗಳು ಸಡಿಲಗೊಳ್ಳುತ್ತವೆ. ವಿಚಿತ್ರವೆಂದರೆ, ಅದೇ ಆಮ್ಲಜನಕ ಡಕ್ಟಸ್ ನಾಳವನ್ನು ಬಿಗಿಯುತ್ತದೆ. ಅದನ್ನು ತೆರೆದಿಟ್ಟಿದ್ದ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಕೂಡ ಮಾಸು ಕಳಚಿದ ಮೇಲೆ ಇಳಿಯುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಈ ನಾಳ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮುಚ್ಚುತ್ತದೆ. ಅವಧಿಗೆ ಮುಂಚೆ ಹುಟ್ಟಿದವರಲ್ಲಿ ತೆರೆದೇ ಉಳಿಯಬಹುದು. ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನು ತಡೆಯುವ ಇಂಡೊಮೆಥಾಸಿನ್‌ನಿಂದ ಅದನ್ನು ಮುಚ್ಚಿಸಬಹುದೆಂದು 1976ರಲ್ಲಿ ವರದಿಯಾಯಿತು. ನಾಯಿಮರಿಗಳಲ್ಲಿಯೂ ನಾಳ ಮುಚ್ಚದೆ ಉಳಿಯುವ ಈ ದೋಷ ಸಾಮಾನ್ಯ.

ನಂತರದ್ದು ನಿಧಾನದ ಕೆಲಸ. ರಕ್ತದೊತ್ತಡ ಏರಿದಂತೆ ಅಪಧಮನಿಯ ಗೋಡೆಯಲ್ಲಿ ಎಲಾಸ್ಟಿನ್, ಕೊಲಾಜನ್ ಎಂಬ ಪ್ರೋಟೀನುಗಳು ಶೇಖರವಾಗುತ್ತವೆ. ಎಲಾಸ್ಟಿನ್ ತಯಾರಾಗುವುದು ಮುಖ್ಯವಾಗಿ ಹುಟ್ಟಿನ ಆಸುಪಾಸಿನಲ್ಲಿ, ಎಳವೆಯಲ್ಲಿ; ಆಮೇಲೆ ಅತ್ಯಲ್ಪ. ಹಾಗಾಗಿ ಮುಪ್ಪಿನವರೆಗೂ ನಡೆಯಬೇಕಾದದ್ದು ಬಹುಮಟ್ಟಿಗೆ ಆಗ ಕೂಡಿಟ್ಟ ದಾಸ್ತಾನಿನಲ್ಲೇ. ರಕ್ತದ ಹರಿವೂ ಗೋಡೆಯನ್ನು ರೂಪಿಸುತ್ತದೆ: ಮಾಸಿಗೆ ಹೋಗುತ್ತಿದ್ದ ಭಾರಿ ಹರಿವು ಹುಟ್ಟಿದೊಡನೆ ನಿಲ್ಲುವುದರಿಂದ, ಕುರಿಮರಿಯ ಹೊಟ್ಟೆಯ ಭಾಗದ ಮಹಾಪಧಮನಿ ಎದೆಯ ಭಾಗದಷ್ಟು ಬೇಗ ಬಲಿಯುವುದಿಲ್ಲ.

ಗೋಡೆಯ ಸ್ನಾಯುವಿನ ಒಳವ್ಯವಸ್ಥೆಯೂ ಬದಲಾಗುತ್ತದೆ. ಸಂಕುಚನಕ್ಕೆ ಕ್ಯಾಲ್ಸಿಯಂ ಬೇಕು. ಬೆಳೆದ ನಾಳದ ಸ್ನಾಯುಕೋಶ ಅದನ್ನು ತನ್ನೊಳಗಿನ ಸಂಗ್ರಹದಿಂದಲೂ ಬಿಡುಗಡೆ ಮಾಡಿಕೊಳ್ಳುತ್ತದೆ; ಎಳೆಯ ಕೋಶದಲ್ಲಿ ಆ ಸಂಗ್ರಹ ಇನ್ನೂ ಪೂರ್ತಿ ಬೆಳೆದಿರದ ಕಾರಣ ಹೊರಗಿನಿಂದ ನುಗ್ಗುವ ಕ್ಯಾಲ್ಸಿಯಂ ಮೇಲೆ ಅವಲಂಬನೆ ಹೆಚ್ಚು. ಇಲಿಮರಿಗಳಲ್ಲಿ ನಾಳಗಳನ್ನು ಬಿಗಿಸುವ ಸಿಂಪಥೆಟಿಕ್ ನರಗಳ ಜಾಲ ಹುಟ್ಟಿದ ನಂತರದ ವಾರಗಳಲ್ಲಿ ದಟ್ಟವಾಗುತ್ತದೆ. ಮರಿಗಳು ಹಾಲು ಬಿಟ್ಟು ಬೆಳೆಯುವ ಹೊತ್ತಿನಲ್ಲಿ, ಸ್ನಾಯುಗಳಿಗೆ ರಕ್ತ ಒಯ್ಯುವ ಕಿರುಅಪಧಮನಿಗಳನ್ನು ಸಡಿಲಿಸುವುದರಲ್ಲಿ ನೈಟ್ರಿಕ್ ಆಕ್ಸೈಡ್‌ನ ಪಾತ್ರ ಹೆಚ್ಚುತ್ತಾ ಹೋಗುತ್ತದೆ; ಅದಕ್ಕೆ ಮೊದಲು ಬೇರೆ ರಾಸಾಯನಿಕಗಳ ಪಾಲು ದೊಡ್ಡದು.

ಪರಿಸರ ಈ ಹಾದಿಯನ್ನು ತಿರುಗಿಸಬಲ್ಲದು. ಎತ್ತರದ ಬೆಟ್ಟಪ್ರದೇಶದಲ್ಲಿ ಆಮ್ಲಜನಕ ಕಡಿಮೆಯಾದಾಗ ಕರುಗಳ ಶ್ವಾಸಕೋಶದ ಅಪಧಮನಿಗಳು ಸಡಿಲಗೊಳ್ಳುವ ಬದಲು ದಪ್ಪಗಾಗಿ ಬಿಗಿದುಕೊಳ್ಳುತ್ತವೆ. ಹೃದಯದ ಬಲಭಾಗ ಸೋತು ಎದೆಯ ಕೆಳಗೆ ನೀರು ತುಂಬುವ ಬ್ರಿಸ್ಕೆಟ್ ಕಾಯಿಲೆ ಬರುತ್ತದೆ. ಅದೇ ಎತ್ತರದಲ್ಲಿ ಬಾಳುವ ಯಾಕ್‌ಗಳ ಶ್ವಾಸಕೋಶದ ಅಪಧಮನಿಗಳ ಗೋಡೆ ತೆಳುವಾಗಿಯೇ ಉಳಿಯುತ್ತದೆ.