ಮಾಫಿ ಸಿಕ್ಕಿತು, ಬಂದೂಕು ಸಿಗಲಿಲ್ಲ: ಹಲಗಲಿಯಿಂದ ಭೀಮಾ ದಂಡಿ ತನಕ

ಹಂದಿ ಕಾಟದ ಮಾತು ಬಂದಾಗೆಲ್ಲ ಎರಡು ಪ್ರಶ್ನೆ ಕೇಳತಾರ. ಒಂದು: "ಹಿಂದ ಒಂದು ಕೇಸಿನಾಗ ಶಿಕ್ಷೆ ಆಗಿತ್ರಿ, ಸರಕಾರ ಮಾಫಿ ಮಾಡಿ ಬಿಟ್ಟದ. ಈಗ ಬಂದೂಕಿನ ಲೈಸೆನ್ಸ್ ಸಿಗತದೇನ್ರಿ?" ಇನ್ನೊಂದು: "ಹೊಳಿ ಆಚೆ ಸೊಲ್ಲಾಪುರ ಜಿಲ್ಲಾದಾಗ ಬೀಗರ ಹೊಲ ಅದ. ನನ್ನ ಬಂದೂಕು ಅಲ್ಲಿಗೆ ಒಯ್ಯಬಹುದೇನ್ರಿ?" ಎರಡೂ ಬ್ಯಾರೆ ಬ್ಯಾರೆ ಪ್ರಶ್ನೆ ಅನಸತಾವ, ಆದರೆ ಬೇರು ಒಂದೇ. ಆ ಬೇರು 1857ರಾಗ ಅದ, ಅದೂ ನಮ್ಮ ಸುತ್ತಮುತ್ತಲೇ ಅದ.

ಬಸವನ ಬಾಗೇವಾಡಿಯಿಂದ ಕೃಷ್ಣೆ ದಾಟಿ ಪಶ್ಚಿಮಕ್ಕೆ ಹೋದರೆ ಮುಧೋಳ ತಾಲೂಕಿನ ಹಲಗಲಿ ಸಿಗತದ. 1857ರಲ್ಲಿ ಕಂಪನಿ ಸರಕಾರ ಆಯುಧದ ಕಾಯ್ದೆ ತಂದು, ಜನರ ಹತ್ರ ಇದ್ದ ಹತಾರ ಒಪ್ಪಿಸಬೇಕು, ಇಟ್ಟುಕೊಳ್ಳೋದಾದ್ರ ಪರವಾನಿಗಿ ಬೇಕು ಅಂತು. ಬೇಡರಿಗೆ ಬಂದೂಕು ಅಂದ್ರ ಬ್ಯಾಟಿ, ಕಾವಲು, ಹೊಟ್ಟಿಪಾಡು ಮತ್ತು ಮಾನ. ಅವರು ಕೊಡಲಿಲ್ಲ. ಆ ವರ್ಷದ ನವೆಂಬರ್ ಕೊನೆಗೆ ಕಂಪನಿ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೆ ಹಾಕಿದರು. ಈ ಕಥಿ ಲಾವಣಿಯಾಗಿ ಉಳೀತು, ನಮ್ಮ ಮಕ್ಕಳ ಶಾಲಾ ಪುಸ್ತಕಕ್ಕೂ ಬಂತು.

ಒಂದು ವರ್ಷದೊಳಗೇ, 1858ರ ನವೆಂಬರ್ 1ರಂದು, ವಿಕ್ಟೋರಿಯಾ ರಾಣಿಯ ಘೋಷಣೆ ಬಂತು. ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರ ಕೈ ಇರುವವರನ್ನು ಬಿಟ್ಟು, ಆಯುಧ ಕೆಳಗಿಟ್ಟು ಮನೆಗೆ ಮರಳುವವರಿಗೆ ಮಾಫಿ ಅಂತ ಸಾರಿದರು. ಜೀವ ಉಳೀತು, ಹೊಲ ಮನಿಗೆ ಮಂದಿ ತಿರುಗಿ ಬಂದರು. ಆದರೆ ಹತಾರ ಕಸಿದುಕೊಳ್ಳುವ ಕೆಲಸ ನಿಲ್ಲಲಿಲ್ಲ. 1860ರಲ್ಲಿ ಮತ್ತೊಂದು ಕಾಯ್ದೆ, 1878ರಲ್ಲಿ ಲಿಟ್ಟನ್ ಕಾಲದ ದೊಡ್ಡ ಆಯುಧ ಕಾಯ್ದೆ ಬಂತು. ಅಪರಾಧ ಮಾಫ್, ಬಂದೂಕಿಗೆ ಮಾತ್ರ ಹೊಸ ಅರ್ಜಿ: ಈ ಪದ್ಧತಿ ಅಲ್ಲಿಂದ ಬಂದದ್ದು.

ಮುದ್ದೇಬಿಹಾಳ, ತಾಳಿಕೋಟಿ ದಾಟಿದರೆ ಸುರಪುರ ಸೀಮೆ. ಆಗ ನಮ್ಮದು ಮುಂಬೈ ಪ್ರಾಂತ, ಅದು ನಿಜಾಮನ ಅಧೀನದ ಸಂಸ್ಥಾನ. 1858ರ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರು ಕಂಪನಿ ಮೇಲೆ ತಿರುಗಿಬಿದ್ದು, ಸೋತು, ಹೈದರಾಬಾದಿಗೆ ಹೋಗಿ ಸಿಕ್ಕಿಬಿದ್ದರು. ಮೊದಲು ಮರಣದಂಡನೆ ಆಯ್ತು. ಅದು ಇಳಿದು ಜೀವಾವಧಿ ಗಡೀಪಾರಾಯ್ತು. ಗವರ್ನರ್ ಜನರಲ್ ಅದನ್ನೂ ಇಳಿಸಿ 4 ವರ್ಷದ ಸೆರೆ ಮಾಡಿದ. ಆದರೆ ಸೆರೆಗೆ ಒಯ್ಯುವ ದಾರಿಯಲ್ಲೇ ರಾಜರು ಗುಂಡೇಟಿನಿಂದ ತೀರಿಕೊಂಡರು. ಕಾವಲಿನ ಅಧಿಕಾರಿ ಡೇರೆಯಲ್ಲಿ ಬಿಟ್ಟಿದ್ದ ಪಿಸ್ತೂಲಿನಿಂದ ತಾವೇ ಹೊಡೆದುಕೊಂಡರು ಅಂತ, ಅವರನ್ನು ಚಿಕ್ಕಂದಿನಿಂದ ಬಲ್ಲ ಮೆಡೋಸ್ ಟೇಲರ್ ಬರೆದಿದ್ದಾನೆ. 1860ರಲ್ಲಿ ಸುರಪುರ ನಿಜಾಮನ ಪಾಲಾಯ್ತು. ಶಿಕ್ಷೆ ಎರಡು ಮೆಟ್ಟಿಲು ಇಳೀತು, ಆದರೆ ತಪ್ಪಿತಸ್ಥ ಅನ್ನೋ ತೀರ್ಪು ಒಂದು ಮೆಟ್ಟಿಲೂ ಇಳೀಲಿಲ್ಲ. ಈ ಫರಕು ನೆನಪಿಡ್ರಿ, ಇವತ್ತಿನ ಕಾಯ್ದೆಯ ಕೀಲಿಕೈ ಇದೇ.

ಅದೇ ಹೊತ್ತಿಗೆ ಕೊಡಗಿನಲ್ಲಿ ಉಲ್ಟಾ ಆಯ್ತು. ಅಲ್ಲಿಯ ಮಂದಿ ಸರಕಾರಕ್ಕೆ ನಿಷ್ಠರು ಅಂತ 1861ರಲ್ಲಿ ಅವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಇವತ್ತಿಗೂ ನಡೆದದ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿ ಹಿಡೀತು. ಆದರೆ ಅವರೂ ಜಿಲ್ಲೆ ಬಿಟ್ಟು ಹೊರಗೆ ಹೋಗುವಾಗ ಎಷ್ಟು ಬಂದೂಕು, ಎಷ್ಟು ಗುಂಡು ಅನ್ನೋ ಮಿತಿ ಆದೇಶದಾಗೇ ಇತ್ತು. ಅಂದ್ರ ವಿನಾಯಿತಿ ಇದ್ದವರಿಗೂ ಗಡಿ ಅದ.

ಸ್ವಾತಂತ್ರ್ಯ ಬಂದ ಮ್ಯಾಲೆ 1878ರ ಕಾಯ್ದೆ ಹೋಗಿ 1959ರ ಆಯುಧ ಕಾಯ್ದೆ ಬಂತು, 1962ರಿಂದ ಜಾರಿಯಾಯ್ತು. ರೈತನನ್ನು ಅದು ಮರೆತಿಲ್ಲ. ನಿಜವಾದ ಬೆಳೆ ರಕ್ಷಣೆಗೆ ನಳಿಗೆ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡಬೇಕು ಅಂತ 13ನೇ ಕಲಮಿನಾಗ ಅದ. ಅಷ್ಟರಿಂದ ಬೆಳೆ ಉಳಿಯೋದಿಲ್ಲ ಅಂತ ಅಧಿಕಾರಿಗೆ ಮನವರಿಕೆ ಆದ್ರ ಬ್ಯಾರೆ ಬಂದೂಕಿಗೂ ದಾರಿ ಅದ. ಆದರೆ ಬಂದೂಕಿನ ಲೈಸೆನ್ಸ್ ಅಂದ್ರ ಬ್ಯಾಟಿಗೆ ಪರವಾನಿಗಿ ಅಲ್ಲ. ಚಿಗರಿ ಹೊಡೆದರೆ 1972ರ ವನ್ಯಜೀವಿ ಕಾಯ್ದೆ ಬ್ಯಾರೆ ನಿಲ್ಲತದ.

ಈಗ ಮೊದಲ ಪ್ರಶ್ನೆ. 9ನೇ ಕಲಮು ಹೇಳೋದು ಇಷ್ಟು: ಹಿಂಸೆ ಅಥವಾ ನೀತಿಗೆಟ್ಟ ಅಪರಾಧದಲ್ಲಿ ಜೈಲುಶಿಕ್ಷೆ ಆದವನು, ಆ ಶಿಕ್ಷೆಯ ಅವಧಿ ಮುಗಿದ ಮೇಲೆ 5 ವರ್ಷ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮೊದಲು 6 ತಿಂಗಳ ಮೇಲಿನ ಶಿಕ್ಷೆಗೆ ಅಷ್ಟೇ ಇತ್ತು, 1983ರ ತಿದ್ದುಪಡಿ ನಂತರ ಎಷ್ಟೇ ದಿನದ ಶಿಕ್ಷೆ ಇದ್ದರೂ ಅನ್ವಯ. ಅಂದ್ರ ನಮ್ಮ ಕಾಯ್ದೆಯಾಗ ಜನ್ಮಪೂರ್ತಿ ನಿಷೇಧ ಇಲ್ಲ. ಅಮೆರಿಕಾದಾಗ ದೊಡ್ಡ ಅಪರಾಧ ಮಾಡಿದವನ ಬಂದೂಕಿನ ಹಕ್ಕು ಸಾಮಾನ್ಯವಾಗಿ ಕಾಯಂ ಹೋಗತದ, ಅದಕ್ಕೇ ಅಲ್ಲಿ ಕ್ಷಮಾದಾನಕ್ಕೆ ಅಷ್ಟು ಬೆಲೆ. ನಮ್ಮಲ್ಲಿ ಕಾಲವೇ ಅರ್ಧ ಕೆಲಸ ಮಾಡತದ.

"ಮಾಫಿ" ಅನ್ನೋದರಾಗೂ ತರತಮ ಅದ. ರಾಷ್ಟ್ರಪತಿಗೆ ಸಂವಿಧಾನದ 72, ರಾಜ್ಯಪಾಲರಿಗೆ 161ನೇ ವಿಧಿಯಂತೆ ಪೂರ್ತಿ ಕ್ಷಮಾದಾನ ಕೊಡುವ ಅಧಿಕಾರ ಅದ. ನಮ್ಮ ಮಂದಿ "ಆಗಸ್ಟ್ 15ಕ್ಕೆ ಮಾಫಿ ಆಯ್ತು" ಅನ್ನೋದು ಬಹುತೇಕ ಸನ್ನಡತೆಯ ಶಿಕ್ಷೆ ಕಡಿತ. ಅಸ್ಸಾಮಿನ ಒಂದು ಪ್ರಕರಣ ನೋಡ್ರಿ. ಸ್ಫೋಟಕ ಕಾಯ್ದೆಯಡಿ 1953ರಲ್ಲಿ 3 ವರ್ಷ ಶಿಕ್ಷೆ, 1954ರಲ್ಲೇ ಸರಕಾರ ಉಳಿದದ್ದನ್ನು ಬಿಟ್ಟು ಹೊರಗೆ ಕಳಿಸಿತು. ಚುನಾವಣೆಗೆ ನಿಂತಾಗ ನಾಮಪತ್ರ ತಿರಸ್ಕಾರ ಆಯ್ತು. ಶಿಕ್ಷೆ ಕಡಿತದಿಂದ ಜೈಲಿನ ದಿನ ಕಡಿಮೆ ಆಗತಾವ, ಕೋರ್ಟು ಕೊಟ್ಟ ಶಿಕ್ಷೆ ಅಳಿಸೋದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದು ಚುನಾವಣೆ ಮಾತು ಖರೆ, ಆದರೆ ತತ್ವ ಸುರಪುರದ್ದೇ. ಮೇಲ್ಮನವಿಯಲ್ಲಿ ತೀರ್ಪೇ ರದ್ದಾದ್ರ ಮಾತ್ರ ಲೆಕ್ಕ ಪೂರ್ತಿ ಬದಲಾಗತದ. ಪೂರ್ತಿ ಕ್ಷಮಾದಾನ ಸಿಕ್ಕರೂ ಲೈಸೆನ್ಸ್ ತಾನಾಗಿ ಬರೋದಿಲ್ಲ. ಸಾರ್ವಜನಿಕ ಶಾಂತಿಯ ಕಾರಣಕ್ಕೆ ಬೇಡ ಅನ್ನುವ ಅಧಿಕಾರ 14ನೇ ಕಲಮಿನಾಗ ಉಳಿದೇ ಇರತದ.

ಜೈಲಿಗೆ ಹೋದವರು ನಮ್ಮಲ್ಲಿ ಕಡಿಮೆ. ಒಡ್ಡಿನ ಜಗಳಕ್ಕೆ 107ರ ಮುಚ್ಚಳಿಕೆ ಬರೆದುಕೊಟ್ಟವರು ಪ್ರತಿ ಊರಾಗ ಸಿಗತಾರ. ಹೊಸ ಸಂಹಿತೆಯಲ್ಲಿ ಅದೇ 126ನೇ ಕಲಮು. ಶಾಂತಿ ಕಾಯುವ ಮುಚ್ಚಳಿಕೆಗೆ ಆದೇಶ ಆದ್ರ, ಅದರ ಅವಧಿ ಮುಗಿಯುವ ತನಕ ಬಂದೂಕಿಗೆ ಅದೇ 9ನೇ ಕಲಮಿನ ನಿಷೇಧ. ಬರೀ ನೋಟಿಸ್ ಬಂದದ್ದಕ್ಕಲ್ಲ, ಆದೇಶಕ್ಕೆ. "ಒಂದು ಸಹಿ ಹಾಕಿ ಮುಗಿಸು" ಅಂತ ಹಿರಿಯರು ಹೇಳತಾರ. ಲೈಸೆನ್ಸ್ ಇದ್ದವರು ಸಹಿಗೆ ಮೊದಲು ವಕೀಲರ ಹತ್ರ ಎರಡು ಮಾತು ಕೇಳ್ರಿ.

ನಿಷೇಧ ಬಂತು ಅಂತ ಬಂದೂಕನ್ನು ಕಣಜದಾಗ ಮುಚ್ಚಿಡಬ್ಯಾಡ್ರಿ. 21ನೇ ಕಲಮಿನಂತೆ ತಡ ಮಾಡದೆ ಠಾಣೆಯಲ್ಲೋ ಪರವಾನಿಗಿ ಇದ್ದ ಬಂದೂಕು ವ್ಯಾಪಾರಿ ಹತ್ರವೋ ಜಮಾ ಮಾಡಿ ರಸೀದಿ ತಗೋರಿ. ಬಂದೂಕು ನಿಮ್ಮ ಆಸ್ತಿಯಾಗೇ ಇರತದ, ಹಕ್ಕು ಮರಳಿದ ಮೇಲೆ ಬಿಡಿಸಿಕೊಳ್ಳಬಹುದು, ಇಲ್ಲಾ ಮಾರಬಹುದು. ಗೊತ್ತು ಮಾಡಿದ ಅವಧಿ ದಾಟಿದರೆ ಸರಕಾರಕ್ಕೆ ಹೋಗತದ. ಅಜ್ಜನ ಕಾಲದ ಎಷ್ಟೋ ಬಂದೂಕು ಹಿಂಗೇ ಹೋಗತಾವ.

ಎರಡನೇ ಪ್ರಶ್ನೆ, ಹೊಳಿ ದಾಟೋದು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಸೊಲ್ಲಾಪುರ, ಅಕ್ಕಲಕೋಟ ಆಚೆ ಉಳಿದವು. ಅಲ್ಲಿ ತನಕ ಒಂದೇ ಪ್ರಾಂತ ಇದ್ದ ಎರಡು ದಂಡಿ ನಡುವೆ ಗೆರೆ ಬಿತ್ತು. ಬೀಗತನಕ್ಕೆ ಆ ಗೆರೆ ಕಾಣೋದಿಲ್ಲ, ಲೈಸೆನ್ಸ್ ಪುಸ್ತಕಕ್ಕೆ ಕಾಣತದ. ಪುಸ್ತಕದಾಗ ಕ್ಷೇತ್ರ ಅಂತ ಬರೆದಿರತಾರ: ಜಿಲ್ಲೆ, ರಾಜ್ಯ, ಇಲ್ಲಾ ಇಡೀ ದೇಶ. ಬರೆದ ಕ್ಷೇತ್ರ ದಾಟಿದರೆ ಆ ಲೈಸೆನ್ಸ್ ನಿಮ್ಮನ್ನು ಕಾಯೋದಿಲ್ಲ. ಭೀಮಾ ತೀರ ಅಂದ್ರ ಹೊರಗಿನವರು ಪಿಸ್ತೂಲೇ ನೆನಸತಾರ, ಸೇತುವಿ ಮ್ಯಾಲೆ ತಪಾಸಣೆ ಆದಾಗ "ಹಂದಿ ಕಾಯಾಕ ಹೊಂಟೀನ್ರಿ" ಅಂದ್ರ ನಡೆಯೋದಿಲ್ಲ. ಆಚೆ ಹೊಲ ಇದ್ದವರು ಪಹಣಿ ಕಾಗದ ಇಟ್ಟು, ಕ್ಷೇತ್ರ ವಿಸ್ತರಣೆಗೆ ಮೊದಲೇ ವಿಜಯಪುರ ಡಿಸಿ ಕಚೇರಿಗೆ ಅರ್ಜಿ ಕೊಡ್ರಿ.

ಅರ್ಜಿಯಾಗ ಹಳೆ ಶಿಕ್ಷೆ, ಮುಚ್ಚಳಿಕೆ ಕೇಳತಾರ. ಇದ್ದದ್ದು ಬರೀರಿ, ತೀರ್ಪಿನ ಮತ್ತು ಬಿಡುಗಡೆಯ ನಕಲು ಹಚ್ಚರಿ. ಹಳೆ ಶಿಕ್ಷೆಗೆ 5 ವರ್ಷದ ಗಡುವು ಅದ. ಮುಚ್ಚಿಟ್ಟದ್ದು ಯಾವಾಗ ಗೊತ್ತಾದರೂ ಆ ಕಾರಣಕ್ಕೇ ಲೈಸೆನ್ಸ್ ರದ್ದು ಮಾಡಬಹುದು. ನಿರಾಕರಿಸಿದರೆ ಕಾರಣ ಬರವಣಿಗೆಯಲ್ಲಿ ಕೇಳ್ರಿ, 18ನೇ ಕಲಮಿನಂತೆ ಮೇಲ್ಮನವಿ ಅದ. ಹಲಗಲಿಯವರಿಗೆ ಆ ದಾರಿ ಇರಲಿಲ್ಲ, ನಮಗದ.