ಕಾರಣ ತಿಳಿಯದ ಕುಳ್ಳುತನ

ಮಗುವಿನ ಎತ್ತರ ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಸರಾಸರಿಗಿಂತ ಎರಡು ಪ್ರಮಾಣ ವಿಚಲನೆಗೂ ಕೆಳಗಿದ್ದು, ಹಾರ್ಮೋನ್ ಕೊರತೆ, ವರ್ಣತಂತು ದೋಷ, ದೀರ್ಘಕಾಲದ ಕಾಯಿಲೆ, ಅಪೌಷ್ಟಿಕತೆ ಇವುಗಳಲ್ಲಿ ಯಾವುದೂ ತಪಾಸಣೆಯಲ್ಲಿ ಕಂಡುಬರದಿದ್ದಾಗ ವೈದ್ಯರು ಕೊಡುವ ಹೆಸರು ಇದು. ಆಯಾ ಸಮುದಾಯದ ಸರಾಸರಿಯಿಂದಲೇ ಅಳೆದರೆ ಯಾವ ಸಮುದಾಯದಲ್ಲೂ ನೂರಕ್ಕೆ ಇಬ್ಬರು ಮೂವರು ಮಕ್ಕಳು ಈ ಗೆರೆಯ ಕೆಳಗಿರುತ್ತಾರೆ. ಹಾಗಾಗಿ ಇದನ್ನು ರೋಗವೆಂದು ಕರೆಯುವುದು ಸರಿಯಲ್ಲ.

ಎತ್ತರವನ್ನು ಅಳೆದು ಬರೆದಿಟ್ಟಿದ್ದರೆ ಮಾತ್ರ ಈ ಮಾತಿಗೆ ಅರ್ಥ. ಆ ವಿಷಯದಲ್ಲಿ ಮೈಸೂರು ಸೀಮೆಯ ಚರಿತ್ರೆ ಹಳೆಯದು. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು 1934ರಿಂದಲೇ ದಾಖಲಿಸಲಾಗಿದೆ. ಅಲ್ಲಿ ಚಿಕ್ಕದಾಗಿ ಹುಟ್ಟಿದವರಿಗೆ ಮುಂದೆ ಹೃದ್ರೋಗ ಹೆಚ್ಚೆಂದು 1996ರಲ್ಲಿ ಪ್ರಕಟವಾದ ಅಧ್ಯಯನ ಈ ದಾಖಲೆಗಳಿಂದಲೇ ಹೊರಬಂತು. ಮಕ್ಕಳ ಬೆಳವಣಿಗೆಯ ಮೇಲೆ ಕಣ್ಣಿಡುವ ಅಂಗನವಾಡಿ ಯೋಜನೆಯೂ ಕರ್ನಾಟಕದಲ್ಲಿ ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ, 1975ರ ಅಕ್ಟೋಬರ್ 2ರಂದು. ಇಂದು ಐದು ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ನಕ್ಷೆ, ಆಮೇಲೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2015ರ ನಕ್ಷೆ ಬಳಕೆಯಲ್ಲಿವೆ.

ಇದೇ ಜಿಲ್ಲೆಯ ಸರಗೂರಿನಂಥ ಕಡೆ ‘ಕಾರಣ ತಿಳಿಯದು’ ಎಂದು ಬರೆಯುವ ಮುನ್ನ ಕಾರಣಗಳನ್ನು ಹುಡುಕಿ ಮುಗಿಸಿರಬೇಕು. ಕಬಿನಿ ಅಣೆಕಟ್ಟೆಗೂ ವನ್ಯಧಾಮಗಳಿಗೂ ನೆಲ ಬಿಟ್ಟುಕೊಟ್ಟ ಜೇನುಕುರುಬ, ಕಾಡುಕುರುಬ ಕುಟುಂಬಗಳ ಹಾಡಿಗಳಲ್ಲಿ ಗೆಡ್ಡೆಗೆಣಸು, ಸೊಪ್ಪಿನ ಜಾಗಕ್ಕೆ ಪಡಿತರದ ಅಕ್ಕಿ ಬಂದಿದೆ. ಸಿಕಲ್ ಸೆಲ್ ರಕ್ತಹೀನತೆಯೂ ಈ ಭಾಗದ ಬುಡಕಟ್ಟುಗಳಲ್ಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿಯ ಬೆಳವಣಿಗೆ ಕುಂಠಿತವಾಗಿತ್ತು. ಇವರ ಕುಳ್ಳುತನದ ಬಹುಪಾಲಿಗೆ ಕಾರಣ ಗೊತ್ತಿರುವಂಥದ್ದೇ: ಬಸುರಿನಿಂದಲೇ ಶುರುವಾಗುವ ಹಸಿವು, ಮತ್ತೆ ಮತ್ತೆ ಬರುವ ಭೇದಿ, ಸೋಂಕು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಹಾಡಿಗಳಲ್ಲಿ ಕೆಲಸ ಶುರುಮಾಡಿ, ಮುಂದೆ ಸರಗೂರಿನಲ್ಲೇ ಆಸ್ಪತ್ರೆ ತೆರೆಯಿತು.

ಚಿಕಿತ್ಸೆಯ ಕಥೆ ಬೇರೆ. 1950ರ ದಶಕದ ಕೊನೆಗೆ ಮೃತದೇಹಗಳ ಪಿಟ್ಯೂಟರಿ ಗ್ರಂಥಿಯಿಂದ ತೆಗೆದ ಬೆಳವಣಿಗೆ ಹಾರ್ಮೋನ್, ಅದರ ಕೊರತೆಯಿರುವ ಮಕ್ಕಳಿಗಾಗಿ ಬಳಕೆಗೆ ಬಂತು. ಅದರಿಂದ ಮಾರಕ ಮಿದುಳುರೋಗ ಹರಡಿದ್ದು ಗೊತ್ತಾಗಿ 1985ರಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು; ಅದೇ ವರ್ಷ ಕೃತಕ ಹಾರ್ಮೋನ್ ಬಂತು. ಕಾರಣ ತಿಳಿಯದ ಕುಳ್ಳುತನಕ್ಕೂ ಅದನ್ನು ಕೊಡಬಹುದೆಂದು 2003ರಲ್ಲಿ ಅಮೆರಿಕ ಒಪ್ಪಿತು, ಯುರೋಪ್ ಒಪ್ಪಲಿಲ್ಲ. ವರ್ಷಗಟ್ಟಲೆ ದಿನಾ ಚುಚ್ಚಿಸಿಕೊಂಡರೂ ಸಿಗುವ ಹೆಚ್ಚಳ ಸರಾಸರಿ 5 ಸೆಂ.ಮೀ. ಆಸುಪಾಸು. ಆರೋಗ್ಯವಾಗಿರುವ ಮಗುವಿಗೆ, ಅದರಲ್ಲೂ ಸಾಲ ಮಾಡಿ, ಇದನ್ನು ಕೊಡಿಸಬೇಕಾದ ಅಗತ್ಯವಿಲ್ಲ. ಆದರೆ ಐದು ದಾಟಿದ ಮಗು ವರ್ಷಕ್ಕೆ 4 ಸೆಂ.ಮೀ. ಕೂಡ ಬೆಳೆಯದಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.