ಬಚ್ಚಲುಮನೆಯ ಬೆಳಕು

ಹಂಡೆಯೊಲೆಯ ಹೊಗೆಯನ್ನು ತಲೆಮಾರುಗಳಿಂದ ಉಂಡು ಕಾಡಿಗೆಗಪ್ಪಾದ ನಮ್ಮ ಹಳೆಯ ಬಚ್ಚಲುಮನೆಗಳ ಗೋಡೆಗಳು ಬಿದ್ದ ಬೆಳಕನ್ನೆಲ್ಲ ನುಂಗಿಬಿಡುತ್ತಿದ್ದುದರಿಂದ, ದೀಪವನ್ನು ಎಲ್ಲಿರಿಸಬೇಕೆಂಬುದು ಗೃಹಿಣಿಯ ವಿವೇಕಕ್ಕೆ ಸೇರಿದ ವಿಷಯವಾಗಿದ್ದಿತು. ನಮ್ಮ ಅಜ್ಜಿ ಸೀಮೆಎಣ್ಣೆಯ ಬುಡ್ಡಿಯನ್ನು ನೀರು ಸಿಡಿಯದಷ್ಟು ಎತ್ತರದ ಗೂಡಿನಲ್ಲಿಟ್ಟು, ನೀರು ತುಂಬುವ ಹಬ್ಬದಂದು ಹಂಡೆಗೆ ಬಳಿದು ಮಿಕ್ಕ ಸುಣ್ಣವನ್ನು ಆ ಗೂಡಿನ ಒಳಮೈಗೆ ಸವರುತ್ತಿದ್ದರು. ಆ ಅಂಗೈಯಗಲದ ಬಿಳುಪೇ ಕಿರುಜ್ವಾಲೆಯನ್ನು ಇಮ್ಮಡಿಗೊಳಿಸಿ ಹಂಡೆಯ ತಾಮ್ರದ ಕಂಠದವರೆಗೆ ಚೆಲ್ಲುತ್ತಿದ್ದಿತು.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಹಬ್ಬಿದ ಹೆಂಚಿನ ಮಾಡುಗಳ ನಡುವೆ ಗಾಜಿನ ಹೆಂಚೊಂದನ್ನು ಕೂರಿಸುವ ರೂಢಿ ಬಂದು, ಹಗಲಿನ ಸ್ನಾನಕ್ಕೆ ಸೂರ್ಯನೇ ದೀಪವಾದನು; ಇದಕ್ಕಿಂತ ಸೊಗಸಾದ ಉಪಾಯವನ್ನು ನಾನರಿಯೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರನ್ನು ಬೆಳಗಿತಾದರೂ, ನಮ್ಮ ಬಚ್ಚಲಿಗೆ ಬಲ್ಬು ಬಂದುದು ಉಳಿದೆಲ್ಲ ಕೋಣೆಗಳಾದ ಮೇಲೆ. ಆಗಲೂ ಅಜ್ಜಿ ಗೂಡಿಗೆ ಸುಣ್ಣ ಬಳಿಯುವುದನ್ನು ಬಿಡಲಿಲ್ಲ.